ಸೋರುವ ನಳದ ಎಂಟು ಹಾಡು

ನನಗೊಂದು ಕೆಟ್ಟ ಚಟವಿದೆ. ಕುಳಿತಲ್ಲಿ ಬಲಗಾಲು ಅಲ್ಲಾಡಿಸುತ್ತೇನೆ. ಬ್ಯಾಂಕಿನ ಬೆಂಚಿನ ಮೇಲೆ ಕುಳಿತರೆ ಪಕ್ಕದವರು ಒಂದು ಗೇಣು ಸರಿದು ಕೂರುತ್ತಾರೆ. ಹಲ್ಲಿನ ಡಾಕ್ಟರು ಒಮ್ಮೆ ನನ್ನ ಬಾಯೊಳಗಿಂದ ಯಂತ್ರ ಹೊರತೆಗೆದು, "ನಾ ಹಲ್ಲು ಮುಟ್ಟಿದ್ರ ಕಾಲು ಯಾಕ್ರಿ ಕುಣೀತೈತಿ?" ಎಂದು ಕೇಳಿದ್ದರು. ಅವ್ವ ಇರುವ ತನಕ, "ಕಾಲು ಅಲ್ಲಾಡಸಬ್ಯಾಡ ಬೇ, ಮನಿಗೆ ದರಿದ್ರ ಹತ್ತತೈತಿ" ಎಂದು ಗದರುತ್ತಿದ್ದಳು. ಒಂದು ವರ್ಷ ಆಣೆಕಲ್ಲು ಮಳೆ ಬಿದ್ದು ನಮ್ಮ ದ್ರಾಕ್ಷಿ ಹಾಳಾದಾಗ ಅವಳು ಆಕಾಶ ನೋಡುವುದನ್ನು ಬಿಟ್ಟು ನನ್ನ ಕಾಲು ನೋಡಿದ್ದಳು.

ಮೊನ್ನೆ ತಮ್ಮನ ಮಗಳು ಪಕ್ಕದಲ್ಲಿ ಕುಳಿತಿದ್ದಳು. ತಬಲಾ ಕಲಿಯುವ ಹುಡುಗಿ. ಸ್ವಲ್ಪ ಹೊತ್ತು ನನ್ನ ಪಾದವನ್ನೇ ನೋಡಿ, "ಅತ್ತಿ, ನಿನ್ನ ಕಾಲು ಸುಮ್ನ ಅಲ್ಲಾಡಾಕತ್ತಿಲ್ಲ. ಮೂರು ಬಡೀತೈತಿ, ಒಂದು ಬಿಡತೈತಿ, ಮತ್ತ ಎರಡು ಬಡೀತೈತಿ. ಇದು ಯಾವ ತಾಳ?" ಎಂದಳು. ನನಗೆ ಮುಖ ಬಿಸಿಯಾಯಿತು. ಏಕೆಂದರೆ ಅದು ಯಾವ ತಾಳವೆಂದು ನನಗೆ ಚೆನ್ನಾಗಿ ಗೊತ್ತಿತ್ತು. 'ಸೋರುವ ನಳ' ಎಂಬ ಬ್ಯಾಂಡಿನ ಮೂರನೆಯ ಹಾಡಿನ ಡ್ರಮ್ಮು ಅದು. ಅದನ್ನು ನೆನಪಿಟ್ಟವರು ಈ ಲೋಕದಲ್ಲಿ ಇಬ್ಬರೇ ಇರಬೇಕು, ಬಾರಿಸಿದವನೊಬ್ಬ, ನಾನೊಬ್ಬಳು. ಬಾರಿಸಿದವನು ಮರೆತಿದ್ದರೂ ಮರೆತಿರಬಹುದು.

ನೀವು ಆ ಬ್ಯಾಂಡಿನ ಹೆಸರು ಕೇಳಿರಲಾರಿರಿ. ಕೇಳಿಲ್ಲವೆಂದು ಸಂಕೋಚ ಬೇಡ, ಆ ಕಾಲದಲ್ಲೂ ಯಾರೂ ಕೇಳಿರಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ಚಿಕ್ಕೋಡಿಯ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಕೊನೆಯ ಪರೀಕ್ಷೆ ಬರೆದು, ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದಿದ್ದೆ. ಅಥಣಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವ್ವನಿಗೆಂದು ಒಂದು ದೇವರ ಹಾಡಿನ ಕ್ಯಾಸೆಟ್ ತೆಗೆದುಕೊಳ್ಳಲು ಅಲ್ಲೇ ಇದ್ದ ಅಂಗಡಿಗೆ ಹೋದೆ. ಅಂಗಡಿಯಾತ ಅದನ್ನು ಕಟ್ಟಿಕೊಡುತ್ತ, ಧೂಳು ಹಿಡಿದ ಇನ್ನೊಂದು ಕ್ಯಾಸೆಟ್ಟನ್ನೂ ಚೀಲಕ್ಕೆ ಹಾಕಿದ.

"ಇದೇನ್ರಿ? ನಾ ಕೇಳಿಲ್ಲಲ್ಲ?"

"ಒಯ್ಯವಾ ತಂಗಿ, ಹಂಗ ಕೊಟ್ಟೇನಿ. ಬೆಳಗಾವಿ ಹುಡುಗ್ರು ನಾಕು ಮಂದಿ ತಾವ ಬರದು, ತಾವ ಹಾಡಿ, ತಾವ ಹೊತ್ತು ತಂದು ಇಟ್ಟು ಹೋಗ್ಯಾರ. ಇದನ್ನ ಒಯ್ದವ್ರು ಯಾರೂ ಹೊಳ್ಳಿ ನಮ್ಮ ಅಂಗಡಿಗೆ ಬಂದಿಲ್ಲ."

ಹೀಗೆ ನನ್ನ ಬದುಕಿಗೆ ರಾಕ್ ಸಂಗೀತ ಬಂತು, ಭಕ್ತಿಗೀತೆಯ ಸಂಗಡ ಪುಕ್ಕಟೆಯಾಗಿ.

ಹೊದಿಕೆಯ ಮೇಲೆ ಝೆರಾಕ್ಸ್ ಮಾಡಿದ ಮಸುಕು ಚಿತ್ರ. ಒಂದು ಗೋಡೆ, ಗೋಡೆಗೊಂದು ನಳ, ನಳದ ಮುಂದೆ ನಾಲ್ಕು ಹುಡುಗರು ಬೆನ್ನು ಮಾಡಿ ನಿಂತಿದ್ದರು. ಮುಖ ಯಾರದೂ ಇಲ್ಲ. ಹೆಸರು ಪೂರ್ತಿ ಇಲ್ಲ, ಬರೀ ಮೊದಲಕ್ಷರಗಳು. ಮನೆಯವರಿಗೆ ಗೊತ್ತಾದರೆ ಒದೆ ಬೀಳುತ್ತದೆಂದು ಹೀಗೆ ಮಾಡಿರಬೇಕು ಎಂದುಕೊಂಡೆ. ಆ ಒಂದು ಕಾರಣಕ್ಕೆ ಅವರು ನನಗೆ ಅರ್ಧ ನೆಂಟರಾದರು.

ಮೊದಲ ಸಲ ಕೇಳಿದಾಗ ಮಾತ್ರ ನನಗೆ ಸಿಟ್ಟು ಬಂತು. ನಮ್ಮೂರು ಅಥಣಿಯಿಂದ ಕಾಗವಾಡದ ದಾರಿ ಹಿಡಿದು ಒಂದಿಷ್ಟು ಒಳಗೆ. ಮನೆಯಲ್ಲಿದ್ದ ಟೇಪ್ ರೆಕಾರ್ಡರು ರೇಡಿಯೋ ಕೂಡ ಆಗಿದ್ದರಿಂದ ಅದರ ಮೇಲೆ ಅಪ್ಪನ ಹಕ್ಕು. ವಾರ್ತೆ ಮತ್ತು ಮಾರ್ಕೆಟ್ ಧಾರಣೆ ಮುಗಿದ ಮೇಲೆ ನಮಗೆ. ಗುಂಡಿ ಒತ್ತಿದರೆ ಮೊದಲು ಯಾರೋ ಕೆಮ್ಮಿದರು. ಆಮೇಲೆ ಗಿಟಾರು ಹಂಚಿನ ಮೇಲೆ ಕಲ್ಲು ಸುರಿದ ಹಾಗೆ ಶುರುವಾಯಿತು. ಹಾಡುವವನು ಹಾಡುತ್ತಿದ್ದಾನೋ ಯಾರ ಜೊತೆಗೋ ಜಗಳಕ್ಕೆ ನಿಂತಿದ್ದಾನೋ ತಿಳಿಯಲಿಲ್ಲ. ಎರಡನೆಯ ಹಾಡಿನ ನಡುವೆ, ಹಿಂದೆಲ್ಲೋ ಕುಕ್ಕರ್ ಸೀಟಿ ಹೊಡೆಯಿತು. ಯಾರದೋ ಮನೆಯ ಕೋಣೆಯಲ್ಲಿ ಕದ ಮುಚ್ಚಿಕೊಂಡು ರೆಕಾರ್ಡ್ ಮಾಡಿದ್ದರು, ಪಾಪ. ಅವ್ವ ಪ್ರತಿ ಸಲ ಆ ಸೀಟಿಗೆ ಎದ್ದು ಅಡುಗೆಮನೆಗೆ ಓಡುತ್ತಿದ್ದಳು. ಹೋಗಿ ನೋಡಿದರೆ ನಮ್ಮ ಒಲೆಯ ಮೇಲೆ ಏನೂ ಇಲ್ಲ. "ಯಾರ ಮನಿ ಬ್ಯಾಳಿಗೋ ನಾ ಯಾಕ ಓಡಬೇಕ ಬೇ!" ಎಂದು ಬೈಯುತ್ತ ಬಂದು ಕೂರುತ್ತಿದ್ದಳು. ಮರುದಿನ ಮತ್ತೆ ಓಡುತ್ತಿದ್ದಳು.

ಆದರೆ ಆ ವರ್ಷ ನನಗೆ ಮಾಡಲು ಬೇರೆ ಏನೂ ಇರಲಿಲ್ಲ. ಡಿಗ್ರಿ ಮುಗಿಸಿ ಮನೆಗೆ ಬಂದ ಹುಡುಗಿಯ ದಿನಗಳು ಹೇಗಿರುತ್ತವೆಂದು ನಮ್ಮ ಕಡೆಯ ನನ್ನ ವಯಸ್ಸಿನವರನ್ನು ಕೇಳಿ ನೋಡಿ. ಬೆಳಿಗ್ಗೆ ಅಂಗಳ, ಮಧ್ಯಾಹ್ನ ಹೊಲಿಗೆ, ಸಂಜೆ ಮತ್ತೆ ಅಂಗಳ. ನಾನು ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಪಡಸಾಲೆಗೆ ತಿರುಗುತ್ತಿದ್ದೆ. ಪುಸ್ತಕ ಹಿಡಿದರೆ ಎರಡು ಪುಟಕ್ಕೆ ಸಾಕಾಗುತ್ತಿತ್ತು. ನಿದ್ದೆ ಬಂದರೆ ಬಂತು ಎಂಬ ಸಿಟ್ಟು, ಬಾರದಿದ್ದರೆ ಬರಲಿಲ್ಲವೆಂಬ ಸಿಟ್ಟು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಬಾಗಿಲಿಗೆ ಓಡುತ್ತಿದ್ದೆ. ಬೆಳಗಾವಿಯಲ್ಲಿ ಬಿ.ಎಡ್. ಮಾಡಲು ಅರ್ಜಿ ಹಾಕಿದ್ದೆ, ಮಾಸ್ತರಿಕೆ ಮಾಡುವ ಹುಚ್ಚು. ಕಡೆಗೊಂದು ದಿನ ಸಂದರ್ಶನಕ್ಕೆ ಬರಲು ಕಾಗದ ಬಂತು.

ಅಪ್ಪ ಅದನ್ನು ಎರಡು ಸಲ ಓದಿದ. ಮಡಚಿ, ದೇವರ ಫೋಟೋದ ಹಿಂದೆ ಇಟ್ಟ. "ನೋಡೂಣು" ಎಂದ.

ಅಪ್ಪನ 'ನೋಡೂಣು' ನಿಮಗೆ ಗೊತ್ತಿಲ್ಲ. ಅವನು ಬೈಯುವವನಲ್ಲ, ಹೊಡೆಯುವವನಲ್ಲ. ಊರಿನ ಭಜನಾ ಮೇಳದಲ್ಲಿ ತಾಳ ಹಾಕುತ್ತ ಹಾಡುವ ಮೆತ್ತಗಿನ ಮನುಷ್ಯ. ಅಂಥವನ ಜೊತೆ ಜಗಳ ತೆಗೆಯಲೂ ಬರುವುದಿಲ್ಲ. 'ಬೇಡ' ಎಂದಿದ್ದರೆ ಅತ್ತು ಕರೆದು ಒಂದು ರಾಮಾಯಣ ಮಾಡಬಹುದಿತ್ತು. 'ನೋಡೂಣು' ಎಂದರೆ ಏನು ಮಾಡುತ್ತೀರಿ? ನಾನು ಹೋಗಿ ಕ್ಯಾಸೆಟ್ ಹಾಕಿದೆ. ಅಂದು ಮೊದಲ ಸಲ ಅದು ಸದ್ದು ಅನ್ನಿಸಲಿಲ್ಲ.

ಆಗ ತೋಟದಲ್ಲಿ ಒಣದ್ರಾಕ್ಷಿಯ ಕಾಲ. ಗೊಂಚಲು ಕತ್ತರಿಸಿ, ದ್ರಾವಣದಲ್ಲಿ ಅದ್ದಿ, ಶೆಡ್ಡಿನಲ್ಲಿ ಜಾಳಿಗೆಯ ಮೇಲೆ ಹರವುತ್ತಾರೆ. ಒಣಗಿದ ಮೇಲೆ ಹೆಂಗಸರು ಸಾಲಾಗಿ ಕುಳಿತು ಕಡ್ಡಿ ಬಿಡಿಸುತ್ತಾರೆ. ಅವರ ಮೇಲ್ವಿಚಾರಣೆಗೆಂದು ನನ್ನನ್ನು ಕೂರಿಸಿದ್ದರು. ಮೇಲ್ವಿಚಾರಣೆ ಎಂದರೆ ನಾನು ದ್ರಾಕ್ಷಿ ತಿನ್ನುತ್ತ ಕೂರುವುದು, ಗಂಗವ್ವ ಎಂಬ ಹಿರಿಯಳು ಎಲ್ಲರಿಂದಲೂ, ನನ್ನಿಂದಲೂ, ಕೆಲಸ ತೆಗೆಯುವುದು. ಟೇಪ್ ರೆಕಾರ್ಡರಿಗೆ ಸೆಲ್ ಹಾಕಿಕೊಂಡು ಶೆಡ್ಡಿಗೇ ಒಯ್ದೆ.

"ಯವ್ವಾ, ಈ ಹುಡುಗ ಯಾಕ ಹಿಂಗ ಒದರಾಕತ್ತಾನ? ಹೊಟ್ಟಿ ನೋಯ್ತೈತೇನು?" ಎಂದು ಗಂಗವ್ವ ಮೊದಲ ದಿನ ಕೇಳಿದಳು. ಹೆಂಗಸರೆಲ್ಲ ನಕ್ಕರು. ನಾಲ್ಕನೆಯ ದಿನಕ್ಕೆ ಅವರ ಕೈಗಳು ಮೂರನೆಯ ಹಾಡಿನ ಡ್ರಮ್ಮಿಗೆ ಕಡ್ಡಿ ಬಿಡಿಸುತ್ತಿದ್ದವು. ನನ್ನ ಕಾಲಿಗೆ ಆ ತಾಳ ಅಂಟಿಕೊಂಡದ್ದೂ ಅಲ್ಲೇ. ಆ ವಾರ ಕೆಲಸ ಬೇಗ ಮುಗಿಯಿತೆಂದು ಅಪ್ಪನಿಗೆ ಖುಷಿಯಾಯಿತು. ಕಾರಣ ನಾವು ಯಾರೂ ಹೇಳಲಿಲ್ಲ.

ಐದನೆಯದು ಮೆತ್ತಗಿನ ಹಾಡು. ಗಿಟಾರು ಒಂದೇ. ಹಿಂದೆ ಟೇಬಲ್ ಫ್ಯಾನಿನ ಕಿರಕಿರ. ಒಬ್ಬ ಹುಡುಗ ಗೆಳೆಯನ ಮನೆಯ ಮುಂದೆ ಹಾದುಹೋಗುತ್ತಾನೆ, ಒಳಗೆ ಎಲ್ಲರೂ ನಗುವುದು ಕೇಳುತ್ತದೆ, ಅವನು ಒಳಗೆ ಹೋಗದೆ ಮುಂದೆ ನಡೆಯುತ್ತಾನೆ. ಅಷ್ಟೇ ಹಾಡು. ಕೊನೆಯ ಸಾಲಿಗೆ ಅವನ ಗಂಟಲು ಒಡೆಯುತ್ತದೆ. ದೊಡ್ಡ ಕಂಪನಿಯವರಾಗಿದ್ದರೆ ಮತ್ತೊಮ್ಮೆ ಹಾಡಿಸುತ್ತಿದ್ದರು. ಇವರು ಹಾಗೇ ಬಿಟ್ಟಿದ್ದರು. ಗಂಗವ್ವನ ಕೈ ನಿಂತಿತು. "ಇಂವಗ ಯಾರೂ ಇಲ್ಲೇನವಾ?" ಎಂದಳು. ಆಮೇಲೆ ತಾನೇ, "ಇರ್ತಾರ. ಇದ್ರೂ ಹಿಂಗ ಆಕ್ಕೈತಿ" ಎಂದು ಮತ್ತೆ ಕಡ್ಡಿ ಬಿಡಿಸತೊಡಗಿದಳು. ನಾನು ಆ ಹಾಡಿನ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ಇಂದಿಗೂ ಕೇಳಿಲ್ಲ.

ಈಗ ಯೋಚಿಸಿದರೆ ಆ ಎಂಟು ಹಾಡುಗಳಲ್ಲಿ ಪ್ರೀತಿ ಪ್ರೇಮ ಹುಡುಕಿದರೂ ಸಿಗುವುದಿಲ್ಲ. ಏಳನೆಯದು ಅರ್ಧ ಕನ್ನಡ, ಅರ್ಧ ಮರಾಠಿ. ನಮ್ಮ ಮನೆಯಲ್ಲಿ ಎಲ್ಲರೂ ಮಾತಾಡುವ ಹಾಗೆ. ಮಾತೇ ಗೊತ್ತಿಲ್ಲದೆ ಸುಮ್ಮನೆ 'ಹೂಂ ಹೂಂ' ಎನ್ನುವುದೊಂದು ಇತ್ತು. ಎಲ್ಲದರಲ್ಲೂ ಇದ್ದದ್ದು ಒಂದೇ, ಕುಳಿತಲ್ಲಿ ಕೂರಲಾಗದ ತಳಮಳ. ನನ್ನ ಮೈಯೊಳಗೆ ಹರಿದಾಡುತ್ತಿದ್ದದ್ದಕ್ಕೆ ಯಾರೋ ಬೆನ್ನು ಮಾಡಿ ನಿಂತ ಹುಡುಗರು ಮಾತು ಕೊಟ್ಟಿದ್ದರು. ನಾನೊಬ್ಬಳೇ ಹುಚ್ಚಿಯಲ್ಲ ಎಂದು ಗೊತ್ತಾದದ್ದು ಎಷ್ಟು ದೊಡ್ಡ ಸಮಾಧಾನ! ಅದರಲ್ಲೂ ಎಂಟನೆಯ ಹಾಡು. ಅದನ್ನು ನಾನು ಬಚ್ಚಲಲ್ಲಿ, ನೀರು ಸುರಿಯುವ ಸದ್ದಿನಲ್ಲಿ, ಗಂಟಲು ಹರಿಯುವ ಹಾಗೆ ಹಾಡುತ್ತಿದ್ದೆ:

ಹೊಸ್ತಿಲ ಮ್ಯಾಲ ಕುಂತೀರೆಲ್ಲ, ನನ್ನ ಚಪ್ಪಲ ಹೊರಗೈತಿ
ದಾರಿ ಬಿಡರಿ, ದಾರಿ ಬಿಡರಿ, ನನಗ ಹೋಗೂದೈತಿ

ಸಂದರ್ಶನಕ್ಕೆ ಐದು ದಿನ ಉಳಿದಾಗ ಕನ್ಯಾ ನೋಡಲು ಬರುತ್ತಾರೆಂದು ಸುದ್ದಿ ಬಂತು. ಭೋಜ ಎಂಬ ಊರಿನ ಕಡೆಯವರು, ಕಬ್ಬಿನ ಹೊಲ, ದೊಡ್ಡ ಮನೆತನ, ಹುಡುಗನೂ ಚಲೋ. ಅಪ್ಪನ 'ನೋಡೂಣು' ಯಾವುದನ್ನು ಕಾಯುತ್ತಿತ್ತೆಂದು ಈಗ ತಿಳಿಯಿತು. ಈ ಸಂಬಂಧ ಕುದುರಿದರೆ ಕಾಗದ ದೇವರ ಹಿಂದೆಯೇ ಉಳಿಯುತ್ತದೆ.

ಇಲ್ಲಿ ಕನ್ಯಾ ನೋಡುವ ಪದ್ಧತಿಯ ಬಗ್ಗೆ ಒಂದೆರಡು ಮಾತು. ಹೆಸರು ಕೇಳುತ್ತಾರೆ, ಅದು ಅವರಿಗೆ ಮೊದಲೇ ಗೊತ್ತಿರುತ್ತದೆ. ನಡೆದು ತೋರಿಸು ಎನ್ನುತ್ತಾರೆ. ಹಿಂದೊಮ್ಮೆ ಬಂದ ಹೆಂಗಸೊಬ್ಬಳು ನನ್ನ ಕೈಗೆ ಸೂಜಿ ದಾರ ಕೊಟ್ಟು ಪೋಣಿಸಲು ಹೇಳಿದ್ದಳು. ಅದು ನನ್ನ ಕೈಯಿಂದ ಜಾರಿ ಬಿದ್ದಾಗ ಅವಳಿಗೇ ಸೂಜಿ ಕಾಣಿಸದೆ ನೆಲದ ಮೇಲೆ ತಡಕಾಡಿದ್ದಳು. ಕೊನೆಗೆ ತಪ್ಪದೆ, "ಒಂದು ಹಾಡು ಹೇಳು" ಎನ್ನುತ್ತಾರೆ. ಅದಕ್ಕೆಂದೇ ಅವ್ವ ನನಗೆ ಎರಡು ದೇವರ ಹಾಡು ಕಲಿಸಿಟ್ಟಿದ್ದಳು, ಒಂದು ಸಾಲದಿದ್ದರೆ ಇನ್ನೊಂದು.

ನಾನು ಈ ಸಲ ಬೇರೆ ಹಂಚಿಕೆ ಹಾಕಿದೆ. ಎಂಟನೆಯ ಹಾಡನ್ನೇ ಹೇಳುವುದು. ಕ್ಯಾಸೆಟ್ಟಿನಲ್ಲಿದ್ದ ಹಾಗೆಯೇ, ಒದರಿ, ಕಾಲು ಬಡಿದು. ಇಂಥ ಹುಡುಗಿ ನಮಗೆ ಬೇಡವೆಂದು ಅವರು ಅವಲಕ್ಕಿ ಅರ್ಧಕ್ಕೇ ಬಿಟ್ಟು ಜೀಪು ಹತ್ತುತ್ತಾರೆ. ಎಷ್ಟು ಸರಳ! ಇಪ್ಪತ್ತೊಂದರ ವಯಸ್ಸಿಗೆ ನನ್ನಷ್ಟು ಜಾಣೆ ಅಥಣಿ ತಾಲೂಕಿನಲ್ಲೇ ಇಲ್ಲವೆಂದು ನಾನು ನಂಬಿದ್ದೆ.

ಬಂದರು. ಪಡಸಾಲೆಯ ಜಮಖಾನೆಯ ಮೇಲೆ ಏಳೆಂಟು ಜನ ಹಿರಿಯರು, ಪಟಕಾ ಸುತ್ತಿದವರು, ಟೋಪಿಯವರು. ನಡುವೆ ಹುಡುಗನ ಅಜ್ಜ, ಹಣೆ ತುಂಬ ವಿಭೂತಿ. ಹುಡುಗ ಮೂಲೆಯಲ್ಲಿ ತನ್ನ ವಾಚನ್ನು ತಾನೇ ನೋಡಿಕೊಳ್ಳುತ್ತ ಕುಳಿತಿದ್ದ. ಅಪ್ಪ ಬಾಗಿಲ ಹತ್ತಿರ. ಚಹಾ ಆಯಿತು, ಹೆಸರು ಆಯಿತು. ಅಜ್ಜ ಕೇಳಿದರು, "ಒಂದು ಪದಾ ಹಾಡ್ತೀಯೇನು ಮಗಳ?"

ಬಾಯಿ ತೆರೆದೆ. ಬಚ್ಚಲಿನ ಧ್ವನಿ ಬಚ್ಚಲಲ್ಲೇ ಉಳಿದಿತ್ತು. ಹದಿನಾರು ಕಣ್ಣುಗಳ ಮುಂದೆ, ಇಳಕಲ್ ಸೀರೆಯ ಸೆರಗು ಹೊದ್ದು, ಮಣೆಯ ಮೇಲೆ ಕುಳಿತು ಯಾರಿಗೂ ರಾಕ್ ಹಾಡಲಾಗುವುದಿಲ್ಲ, ಬೇಕಿದ್ದರೆ ನೀವೂ ಪ್ರಯತ್ನಿಸಿ. ಧ್ವನಿ ಸಣ್ಣಗೆ, ನಿಧಾನವಾಗಿ, ಎಳೆ ಎಳೆಯಾಗಿ ಬಂತು. 'ಹೊಸ್ತಿಲ ಮ್ಯಾಲ ಕುಂತೀರೆಲ್ಲ...' ಕಾಲು ಬಡಿಯಬೇಕೆಂದುಕೊಂಡಿದ್ದೆ. ಕಾಲು ಆ ದಿನ, ಆ ಒಂದು ದಿನ, ಅಲ್ಲಾಡಲಿಲ್ಲ.

'ದಾರಿ ಬಿಡರಿ, ದಾರಿ ಬಿಡರಿ, ನನಗ ಹೋಗೂದೈತಿ' ಎಂದು ಮುಗಿಸಿದೆ. ಅಜ್ಜ ಅವಲಕ್ಕಿಯ ತಾಟನ್ನು ಬೋರಲು ಹಾಕಿದರು. ಬೆರಳಲ್ಲಿ ಅದರ ಮೇಲೆ ತಾಳ ಹಾಕಿ, ಕಣ್ಣು ಮುಚ್ಚಿ, ನನ್ನ ಸಾಲನ್ನೇ ತಿರುಗಿ ಎತ್ತಿಕೊಂಡರು: "ದಾರಿ ಬಿಡರೀ..."

ನಮ್ಮ ಕಡೆ ಭಜನೆಯಲ್ಲಿ ಒಬ್ಬರು ಹೇಳಿದ ಪಲ್ಲವಿಯನ್ನು ಉಳಿದವರು ಎತ್ತಿಕೊಳ್ಳಲೇಬೇಕು. ಹೇಳಿದವರ ಸಾಲು ಕೆಳಗೆ ಬೀಳಗೊಡಬಾರದು. ಭೋಜದಿಂದ ಬಂದ ಆ ಹಿರಿಯರೆಲ್ಲ ಅಜ್ಜನ ಮೇಳದವರೇ ಆಗಿರಬೇಕು. ಪಟಕಾ ಟೋಪಿಗಳೆಲ್ಲ ಒಟ್ಟಿಗೆ ಬಾಯಿ ತೆರೆದವು. ಪಡಸಾಲೆಯ ತೊಲೆ ನಡುಗುವ ಹಾಗೆ, "ದಾರಿ ಬಿಡರಿ, ದಾರಿ ಬಿಡರಿ, ನನಗ ಹೋಗೂದೈತಿ!" ಅಡುಗೆಮನೆಯಿಂದ ಅವ್ವ ಗಾಬರಿಯಾಗಿ ಇಣುಕಿದಳು. ನಾನು ದಂಗಾದೆ. ಆದರೆ ಅವರು ಪಲ್ಲವಿ ಮುಗಿಸಿ ನನ್ನ ಕಡೆ ನೋಡುತ್ತಿದ್ದರು, ಮುಂದಿನ ನುಡಿಗಾಗಿ. ಹೇಳಿದೆ.

ಊಟಾ ಆತು, ಮಾತೂ ಆತು, ಎಲಿ ಅಡಕಿನೂ ಆಗೈತಿ...

ಈ ಸಲ ಬಾಗಿಲ ಹತ್ತಿರದಿಂದಲೂ ಒಂದು ಧ್ವನಿ ಸೇರಿತು. ಅಪ್ಪ. ರೂಢಿ ಎನ್ನುವುದು ಎಂಥದು ನೋಡಿ. ಯಾರೋ ಪಲ್ಲವಿ ಎತ್ತಿದರೆ ಅವನ ಬಾಯಿ ತಾನಾಗಿ ತೆರೆಯುತ್ತದೆ. ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ಎಲ್ಲರಿಗಿಂತ ಚಂದವಾಗಿ ಹಾಡಿದ. ಮೂರನೆಯ ನುಡಿ ಹೇಳುವಾಗ ನನ್ನ ಧ್ವನಿ ಸ್ವಲ್ಪ ಗಟ್ಟಿಯಾಗಿತ್ತು. ನಾನು ಅವನ ಕಡೆ ತಿರುಗಿಯೇ ಹೇಳಿದೆ.

ಎಲ್ಲಿಗಂತ ಕೇಳಬ್ಯಾಡ್ರಿ, ಕಾಲಿಗಷ್ಟ ಗೊತ್ತೈತಿ...

ಎಲ್ಲರೂ ಎತ್ತಿಕೊಂಡರು. ಅಪ್ಪನೂ. 'ದಾರಿ ಬಿಡರಿ' ಎಂದ. ಮತ್ತೊಮ್ಮೆ 'ದಾರಿ ಬಿಡರಿ' ಎಂದ. 'ನನಗ...' ಎಂದವನು ನಿಂತುಬಿಟ್ಟ. ಕಣ್ಣು ತೆರೆದು ನನ್ನನ್ನು ನೋಡಿದ. ಉಳಿದವರು ಸಾಲು ಪೂರ್ತಿ ಮಾಡಿದರು; ಅವನ ಕೈ ಮಾತ್ರ ತೊಡೆಯ ಮೇಲೆ ಹಾಗೇ ಇತ್ತು. ನನಗೆ ಅಳು ಬಂತು. ತಲೆ ತಗ್ಗಿಸಿದೆ. ಹಿರಿಯರು ಅದನ್ನು ಭಕ್ತಿ ಎಂದು ತಿಳಿದರು.

"ವ್ಹಾ! ಎಂಥಾ ಪದ!" ಎಂದರು ಅಜ್ಜ. "ಅಂಕಿತ ಯಾರದು ಮಗಳ? ಕೊನೀ ನುಡಿಯಾಗ ಹೆಸರು ಬರಲಿಲ್ಲಲ್ಲ?"

ಸುಳ್ಳು ಹೊಳೆಯಲಿಲ್ಲ. "ಸೋರುವ ನಳದವ್ರದ್ರಿ" ಎಂದೆ.

ಅಜ್ಜ ಎರಡು ಕ್ಷಣ ಯೋಚಿಸಿದರು. "ಹೌದು ಹೌದು. ದೊಡ್ಡವರ ಅಂಕಿತ ಹಂಗ ಇರ್ತಾವ" ಎಂದು ಪಕ್ಕದವರಿಗೆ ಹೇಳಿ, ಅಂಗಿ ಕಿಸೆಯಿಂದ ಪುಟ್ಟ ವಹಿ ತೆಗೆದು, ನನ್ನಿಂದ ಮೂರೂ ನುಡಿ ಬರೆಸಿಕೊಂಡರು. ಯಡೂರಿನ ಗುಡಿಯಲ್ಲಿ ಹಾಡುತ್ತೇವೆಂದರು. ಹಾಡಿರಬೇಕು. ಆ ನಾಲ್ಕು ಹುಡುಗರಿಗೆ ತಮ್ಮ ಹಾಡು ವೀರಭದ್ರನ ಮುಂದೆ, ಏಕತಾರಿಯ ಜೊತೆಗೆ ನಡೆದದ್ದು ಯಾರು ಹೇಳಬೇಕು?

ಹುಡುಗಿ ಪಸಂದಾಗಿದ್ದಾಳೆ, ಇದೇ ವಾರ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡೋಣ ಎಂದರು. ನನ್ನ ಜಾಣತನಕ್ಕೆ ಸಿಕ್ಕ ಫಲ ಇದು. ಒಳಗೆ ಅವ್ವನಿಗೆ ಸಂತೋಷದಲ್ಲಿ ಕೈಕಾಲು ಆಡುತ್ತಿರಲಿಲ್ಲ.

ಅಪ್ಪ ಎದ್ದು ನಿಂತ. "ಹುಡುಗಿಗೆ ಹೋಗೂದೈತಂತ್ರಿ" ಎಂದ.

"ಎಲ್ಲಿಗ್ರಿ?" ಎಂದರು ಅಜ್ಜ.

"ಬೆಳಗಾವಿಗೆ. ಮಾಸ್ತರಿಕಿ ಕಲೀಲಿಕ್ಕ. ಕಾಗದ ಬಂದೈತ್ರಿ. ನಾನ ಇಟಗೊಂಡು ಕುಂತಿದ್ನಿ."

ಅಜ್ಜ ಒಳ್ಳೆಯವರು. ಕೋಪ ಮಾಡಿಕೊಳ್ಳಲಿಲ್ಲ. "ಹುಡುಗಂದು ವಯಸ್ಸಾಗಾಕತ್ತೈತ್ರಿ, ನಮಗ ಕಾಯಾಕ ಆಗೂದಿಲ್ಲ" ಎಂದು ನೇರವಾಗಿಯೇ ಹೇಳಿದರು. ಜೀಪು ಹತ್ತುವ ಮುಂದೆ ನನ್ನ ತಲೆ ಮುಟ್ಟಿ ಹೋದರು. ಅವ್ವ ಮೂರು ದಿನ ನಮ್ಮಿಬ್ಬರೊಂದಿಗೂ ಮಾತು ಬಿಟ್ಟಳು. ಅಂಥ ಮನೆ ಮತ್ತೆ ಬರಲಿಲ್ಲವೆಂಬುದೂ ನಿಜವೇ.

ಮರುದಿನ ಬೆಳಿಗ್ಗೆ ಅಪ್ಪ ಶೆಡ್ಡಿಗೆ ಬಂದ. ಗಂಗವ್ವನ ಕಡೆಯವರು ಇನ್ನೂ ಬಂದಿರಲಿಲ್ಲ. "ಆ ಪದದ ಕ್ಯಾಸೆಟ್ ಹಚ್ಚು" ಎಂದ. ನಾನು ಹಚ್ಚಿದೆ. ಕೆಮ್ಮು, ಗಿಟಾರು, ಕುಕ್ಕರಿನ ಸೀಟಿ. ಅಪ್ಪ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, ಎರಡೂ ಬದಿ, ಎಂಟೂ ಹಾಡು ಕೇಳಿದ. ಐದನೆಯದಕ್ಕೆ ಕಣ್ಣು ಮುಚ್ಚಿದ. ಎಂಟನೆಯದು ಶುರುವಾದಾಗ, ಆ ಒದರಾಟದ ಒಳಗಿನಿಂದ ನಿನ್ನೆಯ ಪದವನ್ನು ಗುರುತು ಹಿಡಿದು ನನ್ನ ಕಡೆ ನೋಡಿದ. ನಗುತ್ತಾನೆ ಎಂದುಕೊಂಡೆ, ನಗಲಿಲ್ಲ. ಹಾಡು ಮುಗಿದು ಟೇಪು ಖಾಲಿ ತಿರುಗುತ್ತಿದ್ದಾಗ ಅದರ ಹೊದಿಕೆಯನ್ನು ಕೈಯಲ್ಲಿ ಹಿಡಿದು, ಬೆನ್ನು ಮಾಡಿ ನಿಂತವರನ್ನು ಬಹಳ ಹೊತ್ತು ನೋಡಿದ.

"ಈ ಹುಡುಗ್ರಿಗೆ ಯಾರರೆ ದಾರಿ ಬಿಟ್ರೇನು?" ಎಂದು ಕೇಳಿದ.

"ಗೊತ್ತಿಲ್ಲಪ್ಪಾ" ಎಂದೆ.

ಅವರ ಎರಡನೆಯ ಕ್ಯಾಸೆಟ್ ಬರಲೇ ಇಲ್ಲ. ಬಿ.ಎಡ್. ಮಾಡುತ್ತ ಬೆಳಗಾವಿಯಲ್ಲಿದ್ದಷ್ಟು ಕಾಲ ಕಂಡ ಕಂಡ ಅಂಗಡಿಯಲ್ಲಿ ವಿಚಾರಿಸಿದೆ, ಯಾರಿಗೂ ಅವರ ಸುದ್ದಿ ಗೊತ್ತಿರಲಿಲ್ಲ. ಅಪ್ಪನಿಗೆ ಕೊಡಬೇಕಾದ ಆ ಉತ್ತರ ಇಂದಿಗೂ ನನ್ನ ಹತ್ತಿರವಿಲ್ಲ.